ದಾರಿಯಲ್ಲಿ ಸಿಕ್ಕವರು

ನಮ್ಮ ಮನೆಯ ಮುಂಬಾಗಿಲು ತೆರೆದರೆ ಹೆದ್ದಾರಿ, ಹಿಂಬಾಗಿಲು ತೆರೆದರೆ ಸಮುದ್ರ. ಹೆಮ್ಮಾಡಿ ದಾಟಿ ಬೈಂದೂರಿನ ಕಡೆಗೆ ಹೋಗುವಾಗ ರಸ್ತೆಯೂ ನೀರೂ ಒಂದಕ್ಕೊಂದು ಹತ್ತಿರವಾಗುತ್ತ ಬರುತ್ತವಲ್ಲ, ಆ ಇಕ್ಕಟ್ಟಿನಲ್ಲಿ ಕೂತಿದ್ದ ಸಣ್ಣ ಹಂಚಿನ ಮನೆ. ಎದುರಿಗೆ ಸಿಮೆಂಟಿನ ಜಗಲಿ, ಅದರ ಹಿಂದೆ ನಾವು ಮಲಗುತ್ತಿದ್ದ ಒಂದೇ ಕೋಣೆ, ಕೊನೆಗೆ ಅಡುಗೆಮನೆ. ಅಡುಗೆಮನೆಯ ಕಿಟಕಿಗೆ ಬಾಗಿಲಿರಲಿಲ್ಲ. ಕಾಗೆ ಒಳಗೆ ಬಾರದಿರಲಿ ಎಂದು ಹಳೆಯ ಬಲೆಯ ತುಂಡೊಂದನ್ನು ಮೊಳೆ ಹೊಡೆದು ಬಿಗಿದಿದ್ದರು. ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಬರೀ ಮರಳು. ಮನೆಯಲ್ಲಿ ನಾವು ಮೂರೇ ಜನ: ಅಪ್ಪಯ್ಯ, ಅಮ್ಮ, ನಾನು. ಅಂಗಳದಲ್ಲಿ ನಾಲ್ಕನೆಯವರಂತೆ ನಿಂತಿರುತ್ತಿದ್ದದ್ದು ಅಪ್ಪಯ್ಯನ ಟೆಂಪೊ.

ಅಪ್ಪಯ್ಯ ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಿಗೆ ಹೋಗಿ, ಮೀನು ಕೊಂಡು, ಐಸು ಹಾಕಿಸಿಕೊಂಡು ಊರೂರಿಗೆ ಕೊಟ್ಟು ಬರುತ್ತಿದ್ದರು. ಕೆಲವು ದಿನ ಉತ್ತರಕ್ಕೆ ಬೈಂದೂರು, ಕೆಲವು ದಿನ ದಕ್ಷಿಣಕ್ಕೆ ಸಾಸ್ತಾನ, ಬ್ರಹ್ಮಾವರ; ಸಂತೆಯ ದಿನ ಕೊಲ್ಲೂರು ರಸ್ತೆಯ ವಂಡ್ಸೆ. ಬೈಂದೂರಿನ ಹೋಟೆಲೊಂದು ನಮ್ಮ ಕಾಯಂ ಗಿರಾಕಿ. ನಮ್ಮ ಮನೆಯ ಅಕ್ಕಿ, ನನ್ನ ಶಾಲೆಯ ಅಂಗಿ, ಎಲ್ಲವೂ ಆ ಹೋಟೆಲಿನ ಮೇಲೆಯೇ ನಿಂತಿತ್ತು ಎಂದರೂ ತಪ್ಪಿಲ್ಲ. ಶಾಲೆಗೆ ರಜೆ ಬಂತೆಂದರೆ ನಾನು ಟೆಂಪೊದ ಮುಂದಿನ ಸೀಟಿನಲ್ಲಿರುತ್ತಿದ್ದೆ. ಹೆಣ್ಣುಮಗು ಮೀನಿನ ಗಾಡಿಯಲ್ಲಿ ಕೂತು ಊರು ತಿರುಗುವುದೇನು ಎಂದು ಅಮ್ಮ ಗೊಣಗುತ್ತಿದ್ದಳು. ಆದರೆ ಅಪ್ಪಯ್ಯನಿಗೆ ದಾರಿಯುದ್ದಕ್ಕೂ ಮಾತಾಡುವವರು ಒಬ್ಬರು ಬೇಕಿತ್ತು, ನನಗೆ ಮಾತು ನಿಲ್ಲಿಸುವುದು ಗೊತ್ತಿರಲಿಲ್ಲ.

ಈಗ ಆ ರಸ್ತೆಯಲ್ಲಿ ಏನಾದರೂ ಆದರೆ ಯಾರೋ ಒಬ್ಬರು ಫೋನು ಮಾಡುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಆಂಬುಲೆನ್ಸು ಬರುತ್ತದೆ. ಆಗ ಬಿದ್ದವರು ಯಾರಾದರೂ ಎತ್ತುವ ತನಕ ಬಿದ್ದೇ ಇರುತ್ತಿದ್ದರು. ಉಸಿರಿದ್ದರೆ ಹೇಗೋ ಒಂದು ಗಾಡಿ ಸಿಗುತ್ತಿತ್ತು. ಉಸಿರು ಹೋಗಿದ್ದರೆ ಯಾರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಒಬ್ಬರಿಗೆ ಪೋಲೀಸರ ಹೆದರಿಕೆ, ಇನ್ನೊಬ್ಬರಿಗೆ ಮೈಲಿಗೆ, ಮತ್ತೊಬ್ಬರಿಗೆ ಹೊಸ ಸೀಟಿನ ಚಿಂತೆ. ಜನ ಸುತ್ತ ನಿಂತು ನೋಡುವರು, ಅಯ್ಯೋ ಪಾಪ ಎನ್ನುವರು, ಗಡಿಯಾರ ನೋಡಿಕೊಂಡು ಹೊರಡುವರು. ಅಪ್ಪಯ್ಯನ ಟೆಂಪೊ ಮಾತ್ರ ಅಂಥ ಜಾಗ ಬಂದರೆ ತಾನಾಗಿಯೇ ನಿಧಾನವಾಗುತ್ತಿತ್ತು.

ನಾನು ನೋಡಿದ ಮೊದಲನೆಯವರು ಹೆಮ್ಮಾಡಿಯ ಹತ್ತಿರ ಲಾರಿ ತಾಗಿ ಬಿದ್ದ ಸೈಕಲ್ ಸವಾರರು. ನನಗೆ ಆಗ ಎಂಟು ವರ್ಷವಿರಬೇಕು. ಸೈಕಲ್ಲಿನ ಕ್ಯಾರಿಯರಿಗೆ ಬಸಳೆಯ ಕಟ್ಟೊಂದನ್ನು ಬಾಳೆನಾರಿನಲ್ಲಿ ಬಿಗಿದಿದ್ದರು, ಅದು ಹಾಗೇ ಇತ್ತು, ಒಂದು ಎಲೆಯೂ ಮುರಿದಿರಲಿಲ್ಲ. ಮನುಷ್ಯ ಮಾತ್ರ ರಸ್ತೆಯ ಅಂಚಿನಲ್ಲಿ ಮಲಗಿದ್ದರು. ಅಪ್ಪಯ್ಯ ಇಳಿಯುವ ಮೊದಲು ನನಗೆ, ಮಗಾ, ನೀ ಆ ಬದಿ ಗದ್ದೆ ಕಾಣ್, ಅಂದರು. ನಾನು ಗದ್ದೆಯ ಕಡೆಗೇ ತಿರುಗಿದೆ. ಆದರೆ ಟೆಂಪೊದ ಬದಿಯ ಕನ್ನಡಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಅಪ್ಪಯ್ಯ ಮೊದಲು ಮಾಡಿದ ಕೆಲಸವೆಂದರೆ, ಮಂಡಿಯಿಂದ ಮೇಲೆ ಸರಿದಿದ್ದ ಅವರ ಲುಂಗಿಯನ್ನು ಕೆಳಗೆ ಎಳೆದು, ಕಾಲು ಮುಚ್ಚಿದ್ದು. ಆಮೇಲೆಯೇ ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು. ನಿಂತವರಲ್ಲಿ ಒಬ್ಬರು ಕೇಳಿದರು:

"ಹ್ವಾಯ್, ಮೀನಿನ್ ಗಾಡಿಯಂಗೆ ಹಾಕ್ತ್ರಿಯಾ ಅವ್ರನ್ನ?"

"ಮೀನನ್ನೇ ಬಿಸ್ಲಂಗೆ ಇಡುದಿಲ್ಲ ನಾವ್," ಅಂದರು ಅಪ್ಪಯ್ಯ. "ಮನ್ಷರನ್ನ ಇಡುದಾ? ಒಂಚೂರ್ ಕೈ ಕೊಡಿ."

ಕುಂದಾಪುರದ ಸರಕಾರಿ ಆಸ್ಪತ್ರೆಯ ತನಕ ಅಪ್ಪಯ್ಯ ಟೆಂಪೊವನ್ನು ನಿಧಾನವಾಗಿಯೇ ಓಡಿಸಿದರು. ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ, ತಾಡಪಾಲಿನ ಕೆಳಗೆ ಒಬ್ಬರು ಮಲಗಿದ್ದಾರೆ ಎಂಬುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಟೆಂಪೊ ಹೊಂಡಕ್ಕೆ ಬಿದ್ದಾಗಲೆಲ್ಲ, ಅವರಿಗೆ ನೋವಾಯಿತೋ ಏನೋ ಅನ್ನಿಸುತ್ತಿತ್ತು.

ಇಂಥ ದಿನಗಳಲ್ಲಿ ಮನೆಗೆ ಬರುವ ಕ್ರಮವೇ ಬೇರೆ. ಟೆಂಪೊ ಅಂಗಳಕ್ಕೆ ಬರುವಂತಿಲ್ಲ. ಹಿತ್ತಿಲ ಆಚೆ ಮರಳಿನ ಅಂಚಿನಲ್ಲಿ ನಿಲ್ಲಿಸಿ, ಸಮುದ್ರದ ನೀರು ಹೊತ್ತು ತಂದು ತೊಳೆಯಬೇಕು. ಅಪ್ಪಯ್ಯ ಜಗಲಿ ಹತ್ತುವಂತಿಲ್ಲ; ಬಾವಿಕಟ್ಟೆಯ ಹತ್ತಿರ ಉಟ್ಟ ಬಟ್ಟೆಯಲ್ಲೇ ಕೂರಬೇಕು. ಅಮ್ಮ ನೀರು ಸೇದಿ ಸೇದಿ ತಲೆಯ ಮೇಲೆ ಸುರಿಯುವಳು, ಮುಟ್ಟದ ಹಾಗೆ, ದೂರದಿಂದ. ಹಿಂಬಾಗಿಲ ಮೆಟ್ಟಿಲ ಮೇಲೆ ತೆಂಗಿನ ಗೆರಟೆಯಲ್ಲಿ ಅರಸಿನದ ನೀರು ಇಟ್ಟಿರುವಳು. ಅದನ್ನು ತಲೆಗೆ ಚಿಮುಕಿಸಿಕೊಂಡ ಮೇಲೆಯೇ ಒಳಗೆ. ಈ ಕೆಲಸದ ಉದ್ದಕ್ಕೂ ಜಗಳ ನಡೆಯುತ್ತಿತ್ತು. ನಮ್ಮ ಮನೆಯ ಜಗಳದಲ್ಲಿ ಯಾರೂ ಕೂಗುತ್ತಿರಲಿಲ್ಲ.

"ಊರಿನ್ ಹೆಣ ಎಲ್ಲ ನಿಮ್ಗೇ ಸಿಕ್ಕುದಾ?"

"ದಾರಿಯಂಗೆ ಇದ್ರೆ ಸಿಕ್ತ್."

"ಆ ದಾರಿಯಂಗೆ ಬೇರೆಯವ್ರ್ ಗಾಡಿ ಹೋತಿಲ್ಯಾ?"

"ಹೋತ್."

"ಮತ್ತೆ?"

"ಅದ್ ನಿಲ್ಲುದಿಲ್ಲ."

ಅಮ್ಮ ಕಲ್ಲು ಮನಸ್ಸಿನವಳೆಂದು ಯಾರೂ ತಿಳಿಯಬಾರದು. ದಾರಿಹೋಕರು ನೀರು ಕೇಳಿದರೆ ಬೆಲ್ಲವನ್ನೂ ಕೊಡುವವಳು. ಅವಳ ಲೆಕ್ಕ ಬೇರೆ ಇತ್ತು. ಹೆಣ ಮಲಗಿದ ಟೆಂಪೊದ ಮೀನನ್ನು ಯಾರು ತಿನ್ನುತ್ತಾರೆ? ಊರಿನವರ ಬಾಯಿಗೆ ಬಾಗಿಲಿದೆಯೇ? ಗಂಡ ಒಳ್ಳೆಯವನು ಎಂದು ನಾಲ್ಕು ಜನ ಹೇಳಿದ ಮಾತಿನಿಂದ ಗಂಜಿ ಬೇಯುವುದಿಲ್ಲ. ಇದನ್ನೆಲ್ಲ ಅವಳು ಹೇಳುವಾಗ ಅಪ್ಪಯ್ಯ ತಲೆ ತಗ್ಗಿಸಿ ನೀರು ಸುರಿಸಿಕೊಳ್ಳುತ್ತಿದ್ದರು. ಅವಳು ಹೇಳಿದ್ದು ಸುಳ್ಳು ಎಂದು ಅವರು ಒಮ್ಮೆಯೂ ಹೇಳಿದ್ದಿಲ್ಲ.

ಮಾರನೆಯ ವರ್ಷದ ಮಳೆಗಾಲ ಮುಗಿಯುತ್ತಿದ್ದಾಗ ಎರಡನೆಯವರು ಸಿಕ್ಕರು. ಅವರನ್ನು ಮೊದಲು ನೋಡಿದ್ದು ನಾನೇ. ಬೆಳಿಗ್ಗೆ ಹಿತ್ತಿಲಿನಿಂದ ಮರಳಿಗೆ ಇಳಿದು ಚಿಪ್ಪು ಹೆಕ್ಕುತ್ತ ಹೋಗುತ್ತಿದ್ದೆ. ತೆರೆ ಬಂದು ಮುಟ್ಟುವ ಜಾಗದಲ್ಲಿ ಬಟ್ಟೆಯ ಗಂಟೊಂದು ಬಿದ್ದಿತ್ತು. ಹತ್ತಿರ ಹೋದರೆ ಗಂಟಿಗೆ ಕೈ ಇತ್ತು. ಮುಖ ಕೆಳಗಾಗಿತ್ತು, ನಾನು ನೋಡಿದ್ದು ಕೈಯನ್ನು ಮಾತ್ರ. ಚರ್ಮ ನೆನೆದ ಕಾಗದದಂತೆ ಬೆಳ್ಳಗೆ ಸಡಿಲಾಗಿತ್ತು. ಬೆರಳುಗಳ ತುದಿ ಇರಬೇಕಾದ ಹಾಗಿರಲಿಲ್ಲ. ಮನೆಯ ಕಡೆ ತಿರುಗಿ ಅಪ್ಪಯ್ಯ, ಅಪ್ಪಯ್ಯ, ಎಂದು ಸಣ್ಣ ದನಿಯಲ್ಲಿ ಕರೆಯುತ್ತ ನಿಂತೆ. ಅಪ್ಪಯ್ಯ ಬಂದು ನನ್ನ ಮುಖವನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು. ಅವರ ಅಂಗಿ ಮೀನು ಮತ್ತು ಬೀಡಿಯ ವಾಸನೆ ಹೊಡೆಯುತ್ತಿತ್ತು. ನಮ್ಮ ಕಡೆಯ ಯಾವ ದೋಣಿಯಿಂದಲೂ ಯಾರೂ ಕಾಣೆಯಾಗಿರಲಿಲ್ಲ. ಎಲ್ಲಿಂದ ಬಂದವರೋ, ಯಾರಿಗೂ ತಿಳಿಯಲಿಲ್ಲ. ಅಪ್ಪಯ್ಯ ಅವರನ್ನೂ ಟೆಂಪೊದಲ್ಲೇ ಆಸ್ಪತ್ರೆಗೆ ಮುಟ್ಟಿಸಿ ಬಂದರು.

ಆ ಮಧ್ಯಾಹ್ನ ಊಟಕ್ಕೆ ಬೈಗೆ ಮೀನಿನ ಸಾರು. ಅಮ್ಮ ಬಡಿಸುತ್ತಿದ್ದಳು. ನಾನು ತಟ್ಟೆಯನ್ನೇ ನೋಡುತ್ತ ಕೇಳಿದೆ:

"ಅಪ್ಪಯ್ಯ, ಅವ್ರ್ ಬೆರಳ್ ಮೀನ್ ತಿಂದದ್ದಾ?"

ಅಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು. ಅಪ್ಪಯ್ಯ ಬಾಯಲ್ಲಿದ್ದ ತುತ್ತನ್ನು ನುಂಗಿ ನೀರು ಕುಡಿದರು.

"ಹೌದ್ ಮಗಾ."

"ನಾವ್ ತಿಂಬು ಮೀನಾ?"

"ಅದ್ ಗೊತ್ತಿಲ್ಲ. ಸಮುದ್ರ ದೊಡ್ಡದ್."

ಇಲ್ಲ ಎಂದು ಅವರು ಹೇಳಬಹುದಿತ್ತು. ಬೇರೆ ಅಪ್ಪಂದಿರು ಹಾಗೆಯೇ ಹೇಳುತ್ತಿದ್ದರು. ನಾನು ಅಂದಿನಿಂದ ಮೀನು ಬಿಟ್ಟೆ. ಹಟವಲ್ಲ, ತುತ್ತು ಗಂಟಲಿಗೆ ಇಳಿಯುತ್ತಿರಲಿಲ್ಲ, ಅಷ್ಟೆ. ಅಮ್ಮ ಮೊದಲು ಗದರಿಸಿದಳು, ಆಮೇಲೆ ರಮಿಸಿದಳು. ನನಗಿಷ್ಟವೆಂದು ಮುಳ್ಳು ಬಿಡಿಸಿ, ತೆಂಗಿನೆಣ್ಣೆಯಲ್ಲಿ ಹುರಿದು ಕೊಟ್ಟಳು. ಕೊನೆಗೆ ನನಗೊಬ್ಬಳಿಗೇ ಸೌತೆಕಾಯಿ ಹುಳಿ ಮಾಡತೊಡಗಿದಳು. ಮೀನು ಮಾರಿ ಬದುಕುವ ಮನೆಯಲ್ಲಿ ಮೀನು ತಿನ್ನದ ಮಗಳು ಎಂದರೆ ಅಮ್ಮನಿಗೆ ಅದೊಂದು ಅಪಶಕುನ. ಇದೆಲ್ಲ ನೀವ್ ಕಲ್ಸಿದ್, ಎಂದು ಅವಳು ಅಪ್ಪಯ್ಯನಿಗೆ ಹೇಳುವುದನ್ನು ಮಲಗುವ ಕೋಣೆಯಿಂದ ಕೇಳಿದ್ದೆ.

ಅವಳು ಹೆದರಿದ್ದೇ ಆಯಿತು. ಸ್ವಲ್ಪ ಸಮಯದಲ್ಲೇ ಬೈಂದೂರಿನ ಹೋಟೆಲಿನವರು ಮೀನು ಬೇಡ ಅಂದರು. ನಿಮ್ ಮೇಲೆ ಎಂತ ಇಲ್ಲ, ಹೆಣದ್ ಗಾಡಿ ಮೀನಾ ಅಂದ್ ಗಿರಾಕಿಗಳ್ ಕೇಳ್ತ್ರ್, ಅಂದರಂತೆ. ಅಪ್ಪಯ್ಯ ತುಂಬಿದ ಪೆಟ್ಟಿಗೆಗಳೊಂದಿಗೆ ಮಧ್ಯಾಹ್ನವೇ ಮನೆಗೆ ಬಂದರು. ಅಮ್ಮ ಬೈಯಲಿಲ್ಲ. ಪೆಟ್ಟಿಗೆ ಇಳಿಸಿಕೊಂಡು, ಕತ್ತಿ ತೆಗೆದುಕೊಂಡು ಸಂಜೆಯವರೆಗೂ ಮೀನು ಸೀಳಿ, ಉಪ್ಪು ಹಚ್ಚಿ, ಮರಳಿನ ಮೇಲೆ ಚಾಪೆ ಹಾಸಿ ಒಣಗಲು ಇಟ್ಟಳು. ಕತ್ತಲಾಗುವ ಹೊತ್ತಿಗೆ ಸೌದೆ ತರಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಲು ಹೋದೆ. ಸೌದೆಯ ರಾಶಿಯ ಹಿಂದೆ, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಸದ್ದಿಲ್ಲದೆ ಹಿಂದೆ ಬಂದೆ. ಅಪ್ಪಯ್ಯನಿಗೂ ಹೇಳಲಿಲ್ಲ.

ಬೇಸಿಗೆ ರಜೆ ಬಂತು. ಬೈಂದೂರು ತಪ್ಪಿದ್ದರಿಂದ ಅಪ್ಪಯ್ಯ ವಂಡ್ಸೆಗೆ ಹೆಚ್ಚು ಹೋಗುತ್ತಿದ್ದರು, ಅಲ್ಲಿಂದಾಚೆ ಕೊಲ್ಲೂರು ರಸ್ತೆಯ ಸಣ್ಣ ಸಣ್ಣ ಊರುಗಳಿಗೂ. ಒಂದು ದಿನ ಮೀನು ಮುಗಿಸಿ ಹಿಂದೆ ಬರುವಾಗ ಟೆಂಪೊದ ಇಂಜಿನ್ ಬಿಸಿಯಾಗಿ ಹೊಗೆ ಬಂತು. ಸುತ್ತ ಕಾಡು, ರಸ್ತೆಯ ಬದಿಯಲ್ಲಿ ಒಂದು ಬಸ್ ನಿಲ್ದಾಣ ಬಿಟ್ಟರೆ ಏನೂ ಇಲ್ಲ. ಕೆಳಗೆ ಹೊಳೆ ಇತ್ತು. ಅಪ್ಪಯ್ಯ ಡಬ್ಬಿ ಹಿಡಿದು ನೀರು ತರಲು ಇಳಿದರು. ನೆರಳಂಗೆ ಕೂಕೊ, ಅಂದರು.

ನಿಲ್ದಾಣದ ಬೆಂಚಿನ ಮೂಲೆಯಲ್ಲಿ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದರು. ಕಪ್ಪು ಇಳಕಲ್ ಸೀರೆ, ಹಣೆಯ ತುಂಬ ದೇವಸ್ಥಾನದ ಕುಂಕುಮ, ಮಡಿಲಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಎರಡೂ ಕೈ. ಕೊಲ್ಲೂರಿಗೆ ಬಂದು ಹೋಗುವ ಘಟ್ಟದ ಮೇಲಿನ ಜನರನ್ನು ನಾನು ದಿನವೂ ನೋಡಿದವಳು. ಕಣ್ಣು ಅರ್ಧ ಮುಚ್ಚಿತ್ತು; ತೂಕಡಿಸುತ್ತಿದ್ದಾರೆ ಅಂದುಕೊಂಡೆ. ನಾನು ಬೆಂಚಿನ ಈ ತುದಿಯಲ್ಲಿ ಕೂತೆ. ಸುಮ್ಮನಿರಲು ಬಾರದವಳಲ್ಲವೇ, ನಿಮ್ದ್ ಬಸ್ ಯಾವಾಗ ಬತ್ತ್, ಎಂದು ಕೇಳಿದೆ. ಉತ್ತರ ಬರಲಿಲ್ಲ. ನನ್ನ ಮಾತು ಅವರಿಗೆ ತಿಳಿಯಲಿಲ್ಲವೇನೋ ಎಂದು ಶಾಲೆಯ ಪುಸ್ತಕದ ಕನ್ನಡದಲ್ಲಿ ಇನ್ನೊಮ್ಮೆ ಕೇಳಿದೆ. ಆಮೇಲೆ ಕೇಳುವುದನ್ನು ಬಿಟ್ಟು ಹೇಳತೊಡಗಿದೆ. ನಮ್ಮ ಟೆಂಪೊ ಕೆಟ್ಟದ್ದು, ಅಪ್ಪಯ್ಯ ನೀರಿಗೆ ಹೋದದ್ದು, ನಾನು ಮೀನು ಬಿಟ್ಟದ್ದು, ಹೋಟೆಲಿನವರು ಬೇಡ ಅಂದದ್ದು, ಅಮ್ಮ ಅಪ್ಪಯ್ಯನಿಗೆ ಬೈಯುವುದು. ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನೂ ಹೇಳಿಬಿಟ್ಟೆ: ಅಮ್ಮ ಸೌದೆಯ ಹಿಂದೆ ಕೂತು ಅತ್ತದ್ದು. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಅಷ್ಟು ಚೆನ್ನಾಗಿ ನನ್ನ ಮಾತು ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅವರ ತುಟಿಯ ಮೇಲೆ ನೊಣ ಕೂತಿತು. ಓಡಿಸಿದೆ. ಮತ್ತೆ ಬಂದು ಕೂತಿತು.

ಅಪ್ಪಯ್ಯ ಡಬ್ಬಿ ಹಿಡಿದು ಮೇಲೆ ಬಂದರು. ನಿಲ್ದಾಣದ ಕಡೆ ನೋಡಿದರು. ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟರು.

"ಮಗಾ, ಎದ್ ಬಾ."

ಆ ದನಿ ನನಗೆ ಗೊತ್ತಿತ್ತು. ಹೆಮ್ಮಾಡಿಯಲ್ಲಿ ಗದ್ದೆ ನೋಡು ಎಂದ ದನಿ. ಎದ್ದು ನಿಂತೆ. ಅಪ್ಪಯ್ಯ ಅವರ ಕೈ ಮುಟ್ಟಿದರು, ಕತ್ತಿನ ಹತ್ತಿರ ಬೆರಳಿಟ್ಟು ನೋಡಿದರು, ಆಮೇಲೆ ಅರ್ಧ ತೆರೆದಿದ್ದ ಕಣ್ಣನ್ನು ಮುಚ್ಚಿದರು. ಇಷ್ಟು ಹೊತ್ತು ಯಾರೊಂದಿಗೆ ಮಾತಾಡಿದೆ? ಅಪ್ಪಯ್ಯ ರಸ್ತೆಯ ಎರಡೂ ಕಡೆ ನೋಡಿದರು. ಫೋನು ಇರುವ ಅಂಗಡಿ ತಿರುವಿನ ಆಚೆ, ನಡೆದು ಹೋಗುವಷ್ಟು ದೂರ. ಟೆಂಪೊ ಇನ್ನೂ ತಣಿದಿರಲಿಲ್ಲ. ಅವರು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಅವ್ರ್ ಕಡೆಯವ್ರ್ ಹುಡ್ಕುತ್ತಾ ಇರ್ತ್ರ್. ಪೋಲೀಸ್ರಿಗೆ ಫೋನ್ ಮಾಡಿ ಬತ್ತೆ. ಒಬ್ರನ್ನೇ ಬಿಟ್ಟ್ ಹೋಪುಕಾತಿಲ್ಲ, ನಾಯಿ ಗೀಯಿ ಬಂದ್ರೆ ಕಷ್ಟ. ಕೂಕಂತ್ಯಾ? ಹೆದ್ರಿಕೆ ಆದ್ರೆ ಹೇಳ್, ನನ್ನೊಟ್ಟಿಗೆ ಬಪ್ಪ."

ಹೆದರಿಕೆ ಆಗುತ್ತಿತ್ತು. ಆದರೆ ಸ್ವಲ್ಪ ಮೊದಲು ಅವರಿಗೆ ಮನೆಯ ಗುಟ್ಟೆಲ್ಲ ಹೇಳಿ, ಈಗ ಅವರನ್ನು ಬಿಟ್ಟು ಓಡುವುದು ನನಗೆ ಸರಿ ಅನ್ನಿಸಲಿಲ್ಲ. ಕೂಕಂತೆ, ಅಂದೆ. ಅಪ್ಪಯ್ಯ ತಿರುವಿನಲ್ಲಿ ಮರೆಯಾದರು. ಕಾಡಿನಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಸುಮ್ಮನೆ ಕೂತರೆ ಹೆದರಿಕೆ ಹೆಚ್ಚುತ್ತಿತ್ತು. ಕೊನೆಗೆ, ಅಪ್ಪಯ್ಯ ಈಗ ಬತ್ರ್, ನಿಮ್ ಮನೆಯವ್ರೂ ಬತ್ರ್, ಎಂದು ಶುರುಮಾಡಿದೆ. ಹಾಗೆ ಹೇಳಿದ ಮೇಲೆ ಉಳಿದದ್ದೂ ಬಂತು. ನೊಣ ಬಂದಾಗಲೆಲ್ಲ ಓಡಿಸುತ್ತ, ನನ್ನ ಶಾಲೆಯ ಕಥೆ, ಬಾವಿಗೆ ಬಿದ್ದ ಬೆಕ್ಕಿನ ಕಥೆ ಹೇಳುತ್ತ ಹೋದೆ. ಅಪ್ಪಯ್ಯ ಒಂದು ಜೀಪಿನವರನ್ನು ಕರೆದುಕೊಂಡು ಬರುವ ಹೊತ್ತಿಗೆ ನನ್ನ ಕಥೆಯ ಬೆಕ್ಕು ಬಾವಿಯಿಂದ ಮೇಲೆ ಬಂದಿತ್ತು.

ಪೋಲೀಸರು ಬಂದರು, ನೋಡಿದರು, ಆಸ್ಪತ್ರೆಗೆ ಸಾಗಿಸಲು ಜೀಪಿನವರು ಒಪ್ಪದೆ, ಬೇರೆ ಗಾಡಿಯೂ ಸಿಗದೆ, ನಮ್ಮ ಟೆಂಪೊದಲ್ಲೇ ಹೊರಟೆವು. ಮನೆ ಮುಟ್ಟುವಾಗ ಸಂಜೆಯಾಗಿತ್ತು. ಅಪ್ಪಯ್ಯ ಮರಳಿನ ಅಂಚಿನಲ್ಲಿ ಗಾಡಿ ನಿಲ್ಲಿಸಿದ್ದನ್ನು ನೋಡಿಯೇ ಅಮ್ಮ ಕೊಡಪಾನ ಎತ್ತಿಕೊಂಡಳು. ಆಮೇಲೆ ನಾನು ಹೆಣದ ಹತ್ತಿರ ಒಬ್ಬಳೇ ಕೂತಿದ್ದೇನೆ ಎಂದು ತಿಳಿಯಿತು. ಅವಳು ನನ್ನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ನೀರು ಸುರಿದಳು, ಸುರಿದಳು, ಸುರಿಯುತ್ತಲೇ ಇದ್ದಳು. ದೂರದಿಂದಲ್ಲ, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, ಇಬ್ಬರ ಮೇಲೂ. ಅಪ್ಪಯ್ಯನ ಕಡೆ ತಿರುಗಿ ಒಂದೇ ಮಾತು ಹೇಳಿದಳು:

"ಇನ್ ನನ್ ಮಗಳ್ ಆ ಗಾಡಿ ಹತ್ತುಕಿಲ್ಲ. ಮತ್ತೆ ನಿಮ್ಮೊಟ್ಟಿಗೆ ನಂಗೆ ಮಾತಿಲ್ಲ."

ಮಾತು ನಿಂತೇ ಹೋಯಿತು. ಊಟಕ್ಕೆ ಕರೆಯಲು ನಾನು ಹೋಗಬೇಕು, ಅಕ್ಕಿ ಮುಗಿದಿದೆ ಎಂದು ತಿಳಿಸಲು ನಾನು ಹೋಗಬೇಕು. ಅಮ್ಮ ಬಾಯಿ ಬಿಟ್ಟು ಬೈಯುತ್ತಿದ್ದ ದಿನಗಳೇ ಚೆನ್ನಾಗಿದ್ದವು ಅನ್ನಿಸುತ್ತಿತ್ತು. ಅಪ್ಪಯ್ಯ ಬೆಳಿಗ್ಗೆ ಒಬ್ಬರೇ ಹೊರಡುವಾಗ ನಾನು ಜಗಲಿಯ ಕಂಬ ಹಿಡಿದು ನಿಂತಿರುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಬಸ್ಸಿನಿಂದ ಇಳಿದು ಒಬ್ಬರು ಅಂಗಳಕ್ಕೆ ಬಂದರು. ತಲೆ ಬೋಳಿಸಿಕೊಂಡಿದ್ದರು. ಆಸ್ಪತ್ರೆಯಲ್ಲಿ ಕೇಳಿ, ಬಂದರಿನಲ್ಲಿ ಕೇಳಿ ಮನೆ ಹುಡುಕಿಕೊಂಡು ಬಂದಿದ್ದರು. ಆ ಮುದುಕಿಯ ಮಗ. ಅಪ್ಪಯ್ಯ ಆಗಷ್ಟೇ ಮೀನು ಕೊಟ್ಟು ಬಂದು ಜಗಲಿಯಲ್ಲಿ ಕೂತಿದ್ದರು. ಚಾಪೆ ಹಾಸಿದರು. ಬಂದವರು ಕೂತು, ನೀರು ಕುಡಿದು, ಆದದ್ದನ್ನು ಹೇಳಿದರು. ಊರಿನಿಂದ ಎರಡು ಬಸ್ಸು ಮಾಡಿಕೊಂಡು ಬಂದಿದ್ದರಂತೆ. ದಾರಿಯಲ್ಲಿ ಜನ ಮೂತ್ರಕ್ಕೆಂದು ಇಳಿದಾಗ ತಾಯಿಯೂ ಇಳಿದಿದ್ದಾರೆ. ಮುಂದಿನ ಬಸ್ಸಿನವರು ಹಿಂದಿನದರಲ್ಲಿದ್ದಾರೆ ಅಂದುಕೊಂಡರು, ಹಿಂದಿನವರು ಮುಂದಿನದರಲ್ಲಿ. ಘಟ್ಟ ಹತ್ತಿದ ಮೇಲೆ ಸಿಗುವ ಊರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೇ ಗೊತ್ತಾದದ್ದು. ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದರು.

"ಒಂದ ಮಾತ ಕೇಳಾಕ ಬಂದೀನ್ರಿ," ಅಂದರು. "ನಮ್ಮವ್ವ ಕಡೀಕ ಏನರ ಅಂದ್ಲೇನ್ರಿ?"

"ನಾವ್ ಕಾಂಬತ್ತಿಗೇ ಜೀವ ಹೋಯಿತ್," ಅಂದರು ಅಪ್ಪಯ್ಯ.

"ಹಂಗಾದ್ರ ಒಬ್ಬಾಕೀನ ಇದ್ಲು."

ಅಪ್ಪಯ್ಯ ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದರು.

"ಮಗಳ್ ಇದ್ದಿತ್ ಹತ್ರ. ಮೊದ್ಲ್ ನಿದ್ರಿ ಅಂದ್ಕಂಡ್ ಮಾತಾಡ್ತಾ ಕೂಕಂಡಿತ್. ಗೊತ್ತಾದ್ ಮೇಲೂ ಕೂಕಂಡಿತ್."

ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಏನ್ ಮಾತಾಡಿದಿ ತಂಗಿ, ನಮ್ಮವ್ವನ ಕೂಡ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಮ್ಮ ನನ್ನ ಹಿಂದೆ, ಒಳಬಾಗಿಲಲ್ಲಿ ನಿಂತಿರುವುದು ತಿರುಗಿ ನೋಡದೆಯೇ ನನಗೆ ತಿಳಿಯಿತು. ಶಾಲೆಯ ಕಥೆ ಹೇಳಿದೆ, ಬೆಕ್ಕಿನ ಕಥೆ ಹೇಳಿದೆ ಎಂದುಬಿಡಬಹುದಿತ್ತು. ಆದರೆ ಆ ಮನುಷ್ಯ ಅಷ್ಟು ದೂರದಿಂದ ಬಂದದ್ದು ಅದೊಂದನ್ನೇ ಕೇಳಲು. ಅಪ್ಪಯ್ಯ ನನಗೆ ಬೆರಳಿನ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಲಾರದೆ ಹೋದೆ.

"ಮೀನ್ ತಿಂಬುಕೆ ನಂಗೆ ಹೆದ್ರಿಕೆ ಆತ್ ಅಂದೆ. ಹೋಟ್ಲಿನವ್ರ್ ನಮ್ ಮೀನ್ ಬ್ಯಾಡ ಅಂದ್ರ್ ಅಂದೆ. ಅಮ್ಮ ಅಪ್ಪಯ್ಯಂಗೆ ಬೈತ್ರ್ ಅಂದೆ. ಮತ್ತೆ..." ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಅಮ್ಮ ಸೌದಿ ಹಿಂದೆ ಕೂಕಂಡ್ ಮರ್ಕುದ್ ಕಂಡಿದೆ. ಅದನ್ನೂ ಹೇಳ್ದೆ."

ಅಪ್ಪಯ್ಯ ನನ್ನನ್ನು ದಾಟಿ ಒಳಬಾಗಿಲ ಕಡೆ ನೋಡಿದರು, ಆಮೇಲೆ ಕಣ್ಣು ತಗ್ಗಿಸಿದರು. ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಆದರೂ ಅವರು ಸಣ್ಣಗೆ ನಗುತ್ತಿದ್ದರು.

"ನಮ್ಮವ್ವಗ ಮಂದಿ ಮನಿ ಸುದ್ದಿ ಅಂದ್ರ ಊಟ ಬ್ಯಾಡ, ನೀರ ಬ್ಯಾಡ. ಕೇಳ್ಕೋತ ಕುಂತ್ಲಂದ್ರ ಹೊತ್ತ ಮುಳುಗಿದ್ದೂ ಗೊತ್ತಾಗ್ತಿರಲಿಲ್ಲ ಆಕಿಗೆ. ಚಲೋ ಮಾತ ಆಡಿದಿ ತಂಗಿ. ಆಕಿಗೆ ಬೇಕಾದ್ದ ಮಾತ ಆಡಿದಿ."

ಟವೆಲಿನಿಂದ ಮುಖ ಒರೆಸಿಕೊಂಡು ಅವರು ಏಳಲು ಹೊರಟರು. ಆಗ ಅಮ್ಮ ಜಗಲಿಗೆ ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ದನಿ ದಿನದ ಹಾಗೆಯೇ ಇತ್ತು.

"ಉಂಡೇ ಹೋಯ್ಕ್."

"ಬ್ಯಾಡ್ರಿ ಅವ್ವಾರ. ಸೂತಕ ಐತಿ. ನಿಮ್ಮ ಮನಿಯಾಗ ಉಣ್ಣೂದು ಸರಿ ಅಲ್ಲ."

"ನಮ್ಗೂ ಸೂತಕ ಇತ್ತ್ ಅಂದ್ಕಣಿ," ಅಂದಳು ಅಮ್ಮ. "ನಿಮ್ಮಮ್ಮನ್ನ ನಮ್ ಮಗಳ್ ಕಾದಿತ್ತಲ್ದಾ."

ಅವರು ಮತ್ತೆ ಕೂತರು. ಅಮ್ಮ ಒಲೆಯ ಮೇಲಿದ್ದ ಮೀನಿನ ಸಾರನ್ನು ಇಳಿಸಿ ಹೊರಗಿಟ್ಟು, ಬೇರೆ ಪಾತ್ರೆ ತೊಳೆದು, ಹೊಸದಾಗಿ ಹುರುಳಿ ಸಾರು ಮಾಡಿದಳು. ಒಳಗಿನ ಕೋಣೆಯಲ್ಲಿ ಎಲೆ ಹಾಕಿದಳು. ಕುಚ್ಚಿಗೆ ಅಕ್ಕಿಯ ದಪ್ಪ ಅನ್ನವನ್ನು ಅವರು ಮೊದಲ ಬಾರಿ ನೋಡಿದ್ದಿರಬೇಕು, ಸ್ವಲ್ಪ ಹೊತ್ತು ಬೆರಳಲ್ಲಿ ಕಲಸುತ್ತ ಕೂತರು. ಆಮೇಲೆ ಉಂಡರು, ಎರಡನೆಯ ಸಲ ಹಾಕಿಸಿಕೊಂಡರು. ಅಮ್ಮ ಎದುರಿಗೆ ಕೂತು ಅವರ ತಾಯಿಯ ಹೆಸರು ಕೇಳಿದಳು, ಎಷ್ಟು ಮಕ್ಕಳು ಎಂದು ಕೇಳಿದಳು, ಯಾವ ಅಡುಗೆ ಚೆನ್ನಾಗಿ ಮಾಡುತ್ತಿದ್ದರು ಎಂದು ಕೇಳಿದಳು. ಅವರು ಹೇಳುತ್ತ ಹೋದರು. ಅವರನ್ನು ಬಸ್ಸು ಹತ್ತಿಸಿ ಅಪ್ಪಯ್ಯ ಅಂಗಳಕ್ಕೆ ಬಂದಾಗ ಅಮ್ಮ ಎಲೆ ಎತ್ತಿ ಹೊರಗೆ ಬರುತ್ತಿದ್ದಳು.

"ಹ್ವಾಯ್," ಅಂದಳು.

ಎಷ್ಟೋ ದಿನಗಳ ಮೇಲೆ ಅಮ್ಮ ಅಪ್ಪಯ್ಯನನ್ನು ಕರೆದಿದ್ದಳು. ಅವರು ನಿಂತರು.

"ನಾಳೆ ಬೈಂದೂರಿಗೆ ನಾನೂ ಬತ್ತೆ. ಹೋಟ್ಲಿಗಲ್ಲ. ಮಾರ್ಕೆಟಂಗೆ ಕೂಕಂತೆ."

ಮಾರನೆಯ ಬೆಳಿಗ್ಗೆ ಅಮ್ಮ ಟೆಂಪೊ ಹತ್ತಿದಳು. ಅದಕ್ಕೆ ಮೊದಲು ಅವಳು ಅದರಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ನಾನು ಇಬ್ಬರ ನಡುವೆ ಕೂತೆ. ಹತ್ತಬಾರದೆಂಬ ಮಾತನ್ನು ಯಾರೂ ನೆನಪಿಸಲಿಲ್ಲ. ಬೈಂದೂರಿನ ಮೀನು ಮಾರುಕಟ್ಟೆಯಲ್ಲಿ ಹೆಂಗಸರು ಸಾಲಾಗಿ ಕೂರುವ ಕಟ್ಟೆಯ ತುದಿಯಲ್ಲಿ ಅಮ್ಮನಿಗೆ ಜಾಗ ಸಿಕ್ಕಿತು. ಅಪ್ಪಯ್ಯ ಪೆಟ್ಟಿಗೆ ಇಳಿಸಿ, ಟೆಂಪೊವನ್ನು ಎದುರಿಗೇ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು. ಜನ ಬಂದರು, ಟೆಂಪೊ ನೋಡಿದರು, ಪಕ್ಕದ ಬುಟ್ಟಿಗೆ ಹೋದರು. ಅಮ್ಮ ಕೂಗಿ ಕರೆಯಲಿಲ್ಲ. ಐಸು ಕರಗುತ್ತಿತ್ತು. ಬಿಸಿಲು ಕಟ್ಟೆಯ ಮೇಲೆ ಏರಿದಾಗ, ಕೈಯಲ್ಲಿ ಚೀಲ ಹಿಡಿದ ಒಬ್ಬ ನಡುವಯಸ್ಸಿನ ಹೆಂಗಸು ಬಂದು ನಿಂತರು. ಮೀನು ನೋಡಿದರು, ಟೆಂಪೊ ನೋಡಿದರು, ಅಮ್ಮನನ್ನು ನೋಡಿದರು.

"ಇದ್ ಆ ಹೆಣ ಹೊರು ಟೆಂಪೊದ್ ಮೀನಲ್ದಾ?"

ಪಕ್ಕದ ಬುಟ್ಟಿಯವರೆಲ್ಲ ತಿರುಗಿದರು. ನಾನು ಅಮ್ಮನ ಸೀರೆಯ ಅಂಚು ಹಿಡಿದೆ.

"ಹೌದ್," ಅಂದಳು ಅಮ್ಮ. "ಅದೇ ಟೆಂಪೊ. ತೊಳ್ದಿತ್ತ್. ನಾಳೆ ನಿಮ್ಗೋ ನಂಗೋ ದಾರಿಯಂಗೆ ಎಂತಾರೂ ಆದ್ರೆ, ನಿಲ್ಲುದ್ ಅದೊಂದೇ ಗಾಡಿ."

ಆ ಹೆಂಗಸು ಇನ್ನೊಮ್ಮೆ ಟೆಂಪೊ ನೋಡಿದರು. ಆಮೇಲೆ ಸೀರೆ ಒಟ್ಟುಮಾಡಿಕೊಂಡು ಬುಟ್ಟಿಯ ಮುಂದೆ ಕೂತು, ಮೇಲಿದ್ದ ಬಂಗುಡೆಯ ಕಿವಿರು ಎತ್ತಿ ನೋಡಿ, ಚೀಲದ ಬಾಯಿ ಅಗಲಿಸಿ ಅಮ್ಮನ ಕಡೆಗೆ ಹಿಡಿದರು.